ಮ್ಯಾಪ್‌ಗೂ ದುಡ್ಡು, ಅಂಗಿಗೂ ದುಡ್ಡು: ಎರಡೂ ಒಂದೇನಾ?

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನವರು. ನಮ್ಮವರು ಪಿಕಪ್ ಗಾಡಿ ಓಡಿಸುತ್ತಾರೆ, ನಾನು ಹೊಲಿಗೆ ಮಾಡುತ್ತೇನೆ. ದೊಡ್ಡ ಮಗ ಹಾಸನದಲ್ಲಿ ಡಿಪ್ಲೊಮಾ ಎರಡನೇ ವರ್ಷ. ಅವನ ಲ್ಯಾಪ್‌ಟಾಪ್‌ನಲ್ಲಿ ಲಾರಿ ಓಡಿಸುವ ‘ಯೂರೋ ಟ್ರಕ್ ಸಿಮ್ಯುಲೇಟರ್ 2’ ಅನ್ನೋ ಆಟ ಇದೆ. ಹೋದ ವರ್ಷ ಸೇಲ್‌ನಲ್ಲಿ ಕಡಿಮೆಗೆ ತಗೊಂಡಿದ್ದ. ಈಗ ಅದಕ್ಕೆ ‘ಡಿಎಲ್‌ಸಿ ಮ್ಯಾಪ್’ ಬೇಕಂತೆ, ಆಟಕ್ಕೆ ಕೊಟ್ಟಿದ್ದಕ್ಕಿಂತ ಅದಕ್ಕೇ ಜಾಸ್ತಿ. ಚಿಕ್ಕವನು ಎಂಟನೇ ಕ್ಲಾಸ್, ಮೊಬೈಲ್‌ನಲ್ಲಿ ಬಂದೂಕಿನ ಆಟ ಆಡುತ್ತಾನೆ. ಅದರೊಳಗೆ ಬಟ್ಟೆ, ಪೆಟ್ಟಿಗೆ ಅಂತ ಅವರಪ್ಪನ ಫೋನ್‌ನಿಂದ ಮೂರು ತಿಂಗಳಲ್ಲಿ ₹2,300 ಕಳೆದಿದ್ದಾನೆ. ಮೊನ್ನೆ ಗೊತ್ತಾಯಿತು. ಆಟ ಕೊಟ್ಟ ಮೇಲೆ ಮತ್ತೆ ಮತ್ತೆ ದುಡ್ಡು ಕೇಳುವುದು ಮೋಸ ಅಲ್ಲವೇ? ಇಬ್ಬರಿಗೂ ಎಲ್ಲ ಬಂದ್ ಮಾಡಿಸಬೇಕು ಅಂದುಕೊಂಡಿದ್ದೇನೆ. ಏನಂತೀರಿ?

ಉತ್ತರ: ಅಕ್ಕ, ಮೂರು ತಿಂಗಳ ಲೆಕ್ಕ ಒಟ್ಟಿಗೆ ಕಣ್ಣಿಗೆ ಬಿದ್ದರೆ ಯಾವ ತಾಯಿಗೂ ಹೊಟ್ಟೆ ಉರಿಯುತ್ತದೆ. ಆದರೂ ಇಬ್ಬರು ಮಕ್ಕಳನ್ನು ಒಂದೇ ತಕ್ಕಡಿಗೆ ಹಾಕಬೇಡಿ ಅಂತ ಮೊದಲೇ ಕೇಳಿಕೊಳ್ಳುತ್ತೇನೆ. ದೊಡ್ಡವನು ಕೇಳುತ್ತಿರುವುದು ಒಂದು ಸರಕು. ಬೆಲೆ ಎಷ್ಟು, ಸಿಗುವುದು ಏನು ಅಂತ ದುಡ್ಡು ಕೊಡುವ ಮೊದಲೇ ಓದಿ ನೋಡಬಹುದು. ಚಿಕ್ಕವನ ದುಡ್ಡಿನಲ್ಲಿ ಪೆಟ್ಟಿಗೆಗೆ ಹೋದದ್ದೆಲ್ಲ ಚೀಟಿ ಎತ್ತಿದ ಹಾಗೆ, ಏನು ಬರುತ್ತದೋ ಮೊದಲೇ ಗೊತ್ತಿಲ್ಲ. ಎರಡಕ್ಕೂ ಪರದೆ ಮೇಲೆ ಒಂದೇ ಥರದ ಗುಂಡಿ ಇರುತ್ತದೆ, ಎರಡಕ್ಕೂ ಬ್ಯಾಂಕಿನಿಂದ ಒಂದೇ ಥರದ ಮೆಸೇಜ್ ಬರುತ್ತದೆ. ಹಾಗಾಗಿ ಮನೆಯವರಿಗೆ ವ್ಯತ್ಯಾಸ ಕಾಣುವುದಿಲ್ಲ.

ನಾನು ಬೆಂಗಳೂರಿನಲ್ಲಿ ಒಂಬತ್ತು ವರ್ಷ ಗೇಮ್ ಟೆಸ್ಟಿಂಗ್ ಕೆಲಸ ಮಾಡಿದವನು. ಈಗ ಹಾಸನದ ಸಾಲಗಾಮೆ ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದೇನೆ. ಆಟ ತಯಾರಾಗುವ ಕಡೆಯನ್ನೂ ನೋಡಿದ್ದೇನೆ, ಅದಕ್ಕೆ ದುಡ್ಡು ಕೊಡುವ ಮನೆಗಳನ್ನೂ ದಿನಾ ನೋಡುತ್ತೇನೆ. ಎರಡನ್ನೂ ಇಟ್ಟುಕೊಂಡು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಡಿಎಲ್‌ಸಿ ಅಂದರೆ ಆಟ ಕೊಂಡ ಮೇಲೆ ಇಂಟರ್ನೆಟ್‌ನಿಂದ ಇಳಿಸಿಕೊಂಡು ಅದಕ್ಕೆ ಸೇರಿಸಿಕೊಳ್ಳುವ ಹೊಸ ಭಾಗ. ಹೆಸರು ಹೊಸದು, ಪದ್ಧತಿ ಹಳೆಯದು. 1999ರಲ್ಲಿ ‘ಏಜ್ ಆಫ್ ಎಂಪೈರ್ಸ್ 2’ ಬಂತು, 2000ದಲ್ಲಿ ಅದಕ್ಕೆ ‘ದಿ ಕಾಂಕರರ್ಸ್’ ಅಂತ ಇನ್ನೊಂದು ಸಿಡಿ ಬಂತು. ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕದಲ್ಲಿ ಆಡುತ್ತಿದ್ದ ನಮಗೆ ಅದನ್ನು ಯಾರೂ ಮೋಸ ಅಂದ ನೆನಪಿಲ್ಲ. ಹೊಸ ಸೈನ್ಯ, ಹೊಸ ಕಾಳಗ ಬಂತು ಅಂತ ಕುಣಿದಿದ್ದೆವು. ಮೊದಲ ಸಿಡಿ ತನ್ನಷ್ಟಕ್ಕೆ ಪೂರ್ತಿ ಆಟವಾಗಿತ್ತು, ಅದಕ್ಕೇ ಯಾರಿಗೂ ಬೇಜಾರಿರಲಿಲ್ಲ.

ದಾರಿ ಬೇರೆಯಾಗಿದ್ದು 2006ರಲ್ಲಿ. ‘ಒಬ್ಲಿವಿಯನ್’ ಅನ್ನೋ ಆಟ ಬಂದ ಮರುತಿಂಗಳೇ, ಆಟದೊಳಗಿನ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರ್‌ಗೆ ಮಾರಿದರು. ಕಥೆ ಇಲ್ಲ, ಊರಿಲ್ಲ, ಕುದುರೆಗೊಂದು ಕವಚ ಅಷ್ಟೇ. ಆಟಗಾರರು ಬೈದರು, ಆದರೂ ಕೊಂಡರು. ಇಷ್ಟು ಚಿಕ್ಕದನ್ನೂ ಬೇರೆಯಾಗಿ ಮಾರಬಹುದು ಅನ್ನೋದು ಇಡೀ ಉದ್ಯಮಕ್ಕೆ ಅರ್ಥವಾಗಿಹೋಯಿತು. ನಿಮ್ಮ ಚಿಕ್ಕ ಮಗ ಕೊಳ್ಳುವ ಅಂಗಿ, ಟೋಪಿ, ಬಂದೂಕಿನ ಬಣ್ಣಗಳೆಲ್ಲ ಆ ಕುದುರೆಯ ಮರಿಗಳು.

ಡಿಎಲ್‌ಸಿಯನ್ನು ಅಳೆಯುವುದಕ್ಕೆ ನನ್ನ ಬಳಿ ಇರುವುದು ಊಟದ ಲೆಕ್ಕ. ಹೋಟೆಲಿಗೆ ಹೋಗಿ ಊಟಕ್ಕೆ ದುಡ್ಡು ಕೊಟ್ಟಿರಿ. ಅನ್ನ, ಸಾರು, ಪಲ್ಯ, ಮಜ್ಜಿಗೆ ಬಂತು, ಹೊಟ್ಟೆ ತುಂಬಿತು. ಇವತ್ತು ಹೋಳಿಗೆ ಮಾಡಿದ್ದೀವಿ, ಬೇಕಾದರೆ ಬೇರೆ ದುಡ್ಡು ಅಂದರೆ ಯಾರಿಗೂ ಸಿಟ್ಟು ಬರುವುದಿಲ್ಲ. ಅನ್ನ ಬಡಿಸಿ, ಸಾರಿಗೆ ಬೇರೆ ಕೊಡಿ ಅಂದರೆ ಎದ್ದು ಬರುತ್ತೀರಿ. ಡಿಎಲ್‌ಸಿ ಹೋಳಿಗೆಯೋ ಸಾರೋ ಅಂತ ಮೊದಲು ನೋಡಬೇಕು.

ಹೋಳಿಗೆಗೆ ಒಳ್ಳೆಯ ಉದಾಹರಣೆ ‘ದಿ ವಿಚರ್ 3’. ಪೋಲೆಂಡಿನ ಕಂಪನಿಯ ಆಟ, 2015ರ ಮೇ ತಿಂಗಳಲ್ಲಿ ಬಂತು. ಅದೇ ದೊಡ್ಡ ಆಟ. ಮೇಲೆ ಹದಿನಾರು ಚಿಕ್ಕ ಚಿಕ್ಕ ಡಿಎಲ್‌ಸಿಗಳನ್ನು ಪುಕ್ಕಟೆ ಕೊಟ್ಟರು. ದುಡ್ಡು ಕೇಳಿದ್ದು ಎರಡು ದೊಡ್ಡ ಕಥೆಗಳಿಗೆ ಮಾತ್ರ. ಎರಡನೆಯದು 2016ರಲ್ಲಿ ಬಂದ ‘ಬ್ಲಡ್ ಅಂಡ್ ವೈನ್’. ಅದರಲ್ಲಿ ಒಂದು ಇಡೀ ಹೊಸ ನಾಡೇ ಇತ್ತು. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಉತ್ತಮ ರೋಲ್ ಪ್ಲೇಯಿಂಗ್ (ಕಥೆಯ ಪಾತ್ರವಾಗಿ ಆಡುವ) ಆಟದ ಪ್ರಶಸ್ತಿ ಗೆದ್ದದ್ದು ಆ ಡಿಎಲ್‌ಸಿ, ಹೊಸ ಆಟಗಳನ್ನೆಲ್ಲ ಹಿಂದೆ ಹಾಕಿ.

ಸಾರಿಗೆ ದುಡ್ಡು ಕೇಳಿದ್ದೂ ಇದೆ. 2012ರಲ್ಲಿ ‘ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕೆನ್’ ಅನ್ನೋ ಹೊಡೆದಾಟದ ಆಟದ ಡಿಸ್ಕ್ ಕೊಂಡವರಿಗೆ, ಹನ್ನೆರಡು ಪಾತ್ರಗಳು ಅದೇ ಡಿಸ್ಕ್‌ನಲ್ಲಿ ಬೀಗ ಹಾಕಿಕೊಂಡು ಕೂತಿವೆ ಅಂತ ಆಮೇಲೆ ಗೊತ್ತಾಯಿತು. ಬೀಗ ತೆಗೆಯಲು ಬೇರೆ ದುಡ್ಡು. ಪೆಟ್ಟಿಗೆ ಮನೆಗೆ ಬಂದಿದೆ, ಬೀಗದಕೈ ಅಂಗಡಿಯಲ್ಲಿದೆ. ನೀವು ಕೇಳಿದ ‘ಮೋಸ’ ಅನ್ನೋ ಪದ ಇಂಥದ್ದಕ್ಕೆ ಸರಿಯಾಗಿ ಹೊಂದುತ್ತದೆ.

ತಯಾರಕರ ಕಡೆಯ ಒಂದು ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಆಟ ಬಿಡುಗಡೆಯ ದಿನವೇ ಡಿಎಲ್‌ಸಿ ಬಂದರೆ ‘ಆಟದಿಂದಲೇ ಕಿತ್ತು ಮಾರುತ್ತಿದ್ದಾರೆ’ ಅಂತ ಜನ ಬೈಯುತ್ತಾರೆ. ಪ್ರತಿ ಸಲವೂ ಅದು ನಿಜವಲ್ಲ. ಆಟದ ಚಿತ್ರ, ಮಾತು, ಪಾತ್ರಗಳ ಕೆಲಸ ಮುಗಿದ ಮೇಲೂ ನಮ್ಮಂಥ ಟೆಸ್ಟರ್‌ಗಳು ತಿಂಗಳುಗಟ್ಟಲೆ ಬಗ್, ಅಂದರೆ ದೋಷ, ಹುಡುಕುತ್ತಿರುತ್ತೇವೆ. ಆಮೇಲೆ ಕನ್ಸೋಲ್ (ಟಿವಿಗೆ ಹಾಕಿ ಆಡುವ ಯಂತ್ರ) ಕಂಪನಿಯವರ ಪರೀಕ್ಷೆ, ಡಿಸ್ಕ್ ಅಚ್ಚು. ಅಷ್ಟು ದಿನ ಚಿತ್ರ ಬರೆಯುವವರಿಗೆ, ಕಥೆ ಬರೆಯುವವರಿಗೆ ಕೆಲಸ ಇರುವುದಿಲ್ಲ. ಡಿಎಲ್‌ಸಿ ಇದ್ದರೆ ಅವರಿಗೆ ಸಂಬಳ ಸಿಗುತ್ತದೆ, ಇಲ್ಲದಿದ್ದರೆ ಎಷ್ಟೋ ಕಡೆ ಮನೆಗೆ ಕಳಿಸುತ್ತಾರೆ. ನನ್ನ ಜೊತೆ ಟೀ ಕುಡಿಯುತ್ತಿದ್ದ ಇಬ್ಬರು ಒಂದು ಆಟ ಮುಗಿದ ವಾರವೇ ಕೆಲಸ ಕಳೆದುಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ. ಆದ್ದರಿಂದ ಹೊಸದಾಗಿ ದುಡಿದು ಮಾಡಿದ್ದಕ್ಕೆ ದುಡ್ಡು ಕೇಳುವುದನ್ನು ನಾನು ತಪ್ಪು ಅನ್ನುವುದಿಲ್ಲ.

ಇನ್ನೊಂದು ಸಲ ಬೇರೆಯದೇ ಆಯಿತು. ನಾನು ಆಗ ಇದ್ದ ಕಂಪನಿಯಲ್ಲಿ ಒಂದು ಆಟದ ಆರನೇ ಹಂತವನ್ನು ಮೂರು ವಾರ ಕೂತು ಪರೀಕ್ಷೆ ಮಾಡಿ ಪಾಸ್ ಮಾಡಿದ್ದೆ. ಕಾಡಿನ ಮಧ್ಯೆ ಹಳೇ ರೈಲು ನಿಲ್ದಾಣ, ಚೆನ್ನಾಗಿತ್ತು. ಪರೀಕ್ಷೆಗೆ ಬಂದ ಆಟದ ಮುಂದಿನ ಪ್ರತಿಯಲ್ಲಿ ಐದನೇ ಹಂತ ಮುಗಿದ ಕೂಡಲೇ ಏಳನೆಯದು ಬಂತು. ಇದೇನೋ ಬಗ್ ಅಂದುಕೊಂಡು ರಿಪೋರ್ಟ್ ಹಾಕಿದೆ. ‘ಬಗ್ ಅಲ್ಲ, ಅದು ಈಗ ಡಿಎಲ್‌ಸಿ’ ಅಂತ ಒಂದೇ ಸಾಲಿನ ಉತ್ತರ ಬಂತು. ಕಥೆಯಲ್ಲಿ ನಾಯಕನ ಕೈಗೆ ಗಾಯ ಆಗುವುದೇ ಆ ನಿಲ್ದಾಣದಲ್ಲಿ. ಏಳನೇ ಹಂತದಲ್ಲಿ ಕಟ್ಟಿದ ಬ್ಯಾಂಡೇಜ್ ಕಾಣುತ್ತದೆ, ಯಾಕೆ ಕಟ್ಟಿದ್ದು ಅಂತ ಆಡುವವನಿಗೆ ಗೊತ್ತಿಲ್ಲ. ದುಡ್ಡು ಕೊಟ್ಟವನಿಗೆ ಅರ್ಧ ಕಥೆ ಕೊಟ್ಟು ಕಳಿಸಿದ್ದೆವಲ್ಲ ಅಂತ ಇವತ್ತಿಗೂ ಮನಸ್ಸಿಗೆ ನೋವಿದೆ. ಯಾವ ಡಿಎಲ್‌ಸಿ ನೋಡಿದರೂ ನಾನು ಮೊದಲು ಹುಡುಕುವುದು ಆ ಬ್ಯಾಂಡೇಜನ್ನು: ಇದಿಲ್ಲದೆ ಮೊದಲಿನ ಆಟದಲ್ಲಿ ಏನಾದರೂ ತುಂಡಾಗಿದೆಯೇ?

ಈಗ ನಿಮ್ಮ ದೊಡ್ಡ ಮಗನ ಲಾರಿ ಆಟಕ್ಕೆ ಬರೋಣ. ಅದರಲ್ಲಿ ಬ್ಯಾಂಡೇಜ್ ಇಲ್ಲ. ಜೆಕ್ ದೇಶದ ಎಸ್‌ಸಿಎಸ್ ಸಾಫ್ಟ್‌ವೇರ್ ಕಂಪನಿ ಅದನ್ನು ಬಿಟ್ಟಿದ್ದು 2012ರಲ್ಲಿ. ಇಷ್ಟು ವರ್ಷವಾದರೂ ರಿಪೇರಿ ನಿಲ್ಲಿಸಿಲ್ಲ. ಜರ್ಮನಿ, ಆಸ್ಟ್ರಿಯಾ ಕಡೆಯ ಹಳೆಯ ರಸ್ತೆಗಳನ್ನು ಹೊಸದಾಗಿ ಕಟ್ಟಿ, ಹಿಂದೆ ಕೊಂಡವರಿಗೂ ಪುಕ್ಕಟೆ ಕೊಟ್ಟಿದ್ದಾರೆ. ದುಡ್ಡು ಕೇಳುವುದು ಹೊಸ ದೇಶಗಳಿಗೆ: 2015ರಲ್ಲಿ ಸ್ಕ್ಯಾಂಡಿನೇವಿಯಾ, 2017ರಲ್ಲಿ ಇಟಲಿ, 2021ರಲ್ಲಿ ಸ್ಪೇನ್-ಪೋರ್ಚುಗಲ್ ಸೇರಿದ ‘ಐಬೀರಿಯಾ’, ಹೀಗೆ. ಯಾವುದನ್ನೂ ಕೊಳ್ಳದಿದ್ದರೂ ಆಟ ಕುಂಟುವುದಿಲ್ಲ. ಆಟ ಹಳೆಯದಾದ್ದರಿಂದ ಸೇಲ್‌ನಲ್ಲಿ ಬಹಳ ಇಳಿಯುತ್ತದೆ, ಹೊಸ ಮ್ಯಾಪ್ ಅಷ್ಟು ಇಳಿಯುವುದಿಲ್ಲ. ‘ಆಟಕ್ಕಿಂತ ಮ್ಯಾಪೇ ಜಾಸ್ತಿ’ ಅಂತ ನಿಮಗೆ ಅನ್ನಿಸಿದ್ದಕ್ಕೆ ಕಾರಣ ಇದು.

ಆ ಆಟದಲ್ಲಿ ಏನಿದೆ ಅಂತ ನಿಮಗೆ ಕುತೂಹಲ ಇರಬಹುದು. ಮಳೆಗಾಲದಲ್ಲಿ ಸಕಲೇಶಪುರ ಕಡೆಯ ಪಾಲಿಟೆಕ್ನಿಕ್ ಹುಡುಗನೊಬ್ಬ ರ‍್ಯಾಮ್ ಹಾಕಿಸಲು ಲ್ಯಾಪ್‌ಟಾಪ್ ತಂದಿದ್ದ. ಸರಿಯಾಯಿತೇ ನೋಡೋಣ ಅಂತ ಇದೇ ಆಟ ಹಾಕಿದ. ನಾರ್ವೆಯ ಬರ್ಗೆನ್ ಕಡೆಯ ರಸ್ತೆ, ರಾತ್ರಿ, ಮಳೆ, ಹಿಂದೆ ಇಪ್ಪತ್ತು ಟನ್ ಲೋಡು. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿದ, ಬ್ರೇಕ್ ಮೇಲೆ ಕಾಲಿಡಲಿಲ್ಲ, ಎಂಜಿನ್ ಬ್ರೇಕ್‌ನಲ್ಲೇ ತಿರುವು ದಾಟಿಸಿದ. ‘ಅಣ್ಣ, ಶಿರಾಡಿ ಇಳಿಯುವಾಗ ನಮ್ಮಪ್ಪನೂ ಹೀಗೇ, ಬ್ರೇಕ್ ಕಾಯಿಸೋದೇ ಇಲ್ಲ’ ಅಂದ. ಅವರಪ್ಪ ಲಾರಿ ಡ್ರೈವರ್. ನಿಮ್ಮ ಮನೆಯವರು ಚಾರ್ಮಾಡಿಯಲ್ಲಿ ಗಾಡಿ ಇಳಿಸುವುದನ್ನು ನಿಮ್ಮ ಮಗನೂ ಪಕ್ಕದಲ್ಲಿ ಕೂತು ನೋಡಿರುತ್ತಾನೆ. ಒಂದು ಸಲ ಅವನ ಪಕ್ಕದಲ್ಲಿ ಅಪ್ಪನನ್ನು ಕೂರಿಸಿ, ಆ ಹುಡುಗ ಏನು ಕೇಳುತ್ತಿದ್ದಾನೆ ಅಂತ ಅವರಿಗೆ ಬೇಗ ತಿಳಿಯುತ್ತದೆ.

ಹಾಗಂತ ಕೇಳಿದ್ದನ್ನೆಲ್ಲ ಕೊಡಿಸಿ ಅನ್ನುವುದಿಲ್ಲ. ಈ ಥರದ ಆಟಗಳ ದೊಡ್ಡ ಅಪಾಯ ಗುಡ್ಡೆ ಬೀಳುವುದು. ಆ ಲಾರಿ ಆಟಕ್ಕೇ ಮ್ಯಾಪ್, ಟ್ರೇಲರ್, ಬಣ್ಣ ಅಂತ ಡಜನ್‌ಗಟ್ಟಲೆ ಡಿಎಲ್‌ಸಿಗಳಿವೆ. ‘ದಿ ಸಿಮ್ಸ್ 4’ ಅನ್ನೋ ಮನೆ ಕಟ್ಟುವ ಆಟವನ್ನು 2022ರಲ್ಲಿ ಪುಕ್ಕಟೆ ಮಾಡಿದರು, ಆದರೆ ಅದರ ಎಲ್ಲ ಡಿಎಲ್‌ಸಿ ಪೂರ್ತಿ ಬೆಲೆಗೆ ಕೊಂಡರೆ ಸಾವಿರ ಡಾಲರ್ ದಾಟುತ್ತದೆ. ‘ಕ್ರುಸೇಡರ್ ಕಿಂಗ್ಸ್ 2’ ಅನ್ನೋ ರಾಜರ ಆಟದಲ್ಲಿ ನಾನೇ ಸಿಕ್ಕಿಕೊಂಡಿದ್ದೆ. 2014ರಲ್ಲಿ ಅದಕ್ಕೆ ಭಾರತದ ಭೂಪಟ ಎಲ್ಲರಿಗೂ ಉಚಿತವಾಗಿ ಸೇರಿತು, ಆದರೆ ಭಾರತದ ರಾಜನಾಗಿ ಆಡಬೇಕಾದರೆ ‘ರಾಜಾಸ್ ಆಫ್ ಇಂಡಿಯಾ’ ಅನ್ನೋ ಡಿಎಲ್‌ಸಿ ಕೊಳ್ಳಬೇಕಿತ್ತು. ಬೇಲೂರು, ಹಳೇಬೀಡು ನೋಡಿಕೊಂಡು ಬೆಳೆದವನಿಗೆ ತನ್ನ ನೆಲ ಪರದೆ ಮೇಲೆ ಕಂಡೂ ಕೈಗೆ ಸಿಗದಿದ್ದರೆ ಹೇಗಾಗಬೇಡ! ಕೊಂಡೆ. ಕೊಂಡದ್ದಕ್ಕೆ ಪಶ್ಚಾತ್ತಾಪ ಇಲ್ಲ, ಆದರೆ ಅದರ ಹಿಂದೆ ಇನ್ನೂ ನಾಲ್ಕು ಕೊಂಡೆನಲ್ಲ, ಅದರಲ್ಲಿ ಎರಡನ್ನು ಸರಿಯಾಗಿ ತೆರೆದೂ ನೋಡಿಲ್ಲ.

ಗೆಳೆಯರನ್ನು ಬೇರೆ ಮಾಡುವುದು ಇನ್ನೊಂದು ತೊಂದರೆ. ನಾಲ್ವರು ಸೇರಿ ಆಡುವ ಆಟದಲ್ಲಿ ಮ್ಯಾಪ್ ಕೊಂಡವರು ಒಂದು ಕಡೆ, ಕೊಳ್ಳಲಾಗದವನು ಇನ್ನೊಂದು ಕಡೆ. ಹಾಸ್ಟೆಲ್ ರೂಮಿನಲ್ಲಿ ಇದು ಚಿಕ್ಕ ವಿಷಯವಲ್ಲ. 2016ರ ‘ಟೈಟನ್‌ಫಾಲ್ 2’ ಮಾಡಿದವರು ಇದೇ ಕಾರಣಕ್ಕೆ ಹೊಸ ಮ್ಯಾಪ್‌ಗಳನ್ನೆಲ್ಲ ಎಲ್ಲರಿಗೂ ಉಚಿತ ಮಾಡಿದರು.

ಇನ್ನು, ನೀವು ದುಡ್ಡು ಕೊಟ್ಟು ಪಡೆಯುವುದು ಆಡುವ ಅನುಮತಿ ಮಾತ್ರ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಕೊಳ್ಳುವವರಿಗೆ ಸ್ಪಷ್ಟವಾಗಿ ಹೇಳಲೇಬೇಕು ಅಂತ ಕಾನೂನು ಬಂದ ಮೇಲೆ, ಕಂಪ್ಯೂಟರ್ ಆಟಗಳನ್ನು ಇಂಟರ್ನೆಟ್‌ನಲ್ಲಿ ಮಾರುವ ಸ್ಟೀಮ್ ಅಂಗಡಿ ದುಡ್ಡು ಕಟ್ಟುವ ಪುಟದಲ್ಲೇ ‘ಇದು ಲೈಸೆನ್ಸ್’ ಅಂತ ಬರೆಯುತ್ತಿದೆ. ‘ಡೆಸ್ಟಿನಿ 2’ ಆಟದಲ್ಲಿ ದುಡ್ಡಿಗೆ ಮಾರಿದ್ದ ಎರಡು ಕಥೆಗಳನ್ನು 2020ರ ನವೆಂಬರ್‌ನಲ್ಲಿ ಆಟದಿಂದಲೇ ತೆಗೆದರು. ನಮ್ಮಲ್ಲೂ 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ಮೊಬೈಲ್, 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಸರ್ಕಾರದ ನಿಷೇಧಕ್ಕೆ ಸಿಕ್ಕವು. ಆ ವಾರಗಳಲ್ಲಿ ನನ್ನ ಅಂಗಡಿಗೆ ಬಂದ ಮಕ್ಕಳ ಮುಖ ನೆನಪಿದೆ. ಕಂಪನಿಯ ಸರ್ವರ್ (ಇಂಟರ್ನೆಟ್‌ನಲ್ಲಿರುವ ಅವರ ಕಂಪ್ಯೂಟರ್) ನಂಬಿಕೊಂಡ ಆಟದಲ್ಲಿ ದುಡ್ಡು ಹಾಕುವಾಗ ಇದು ತಲೆಯಲ್ಲಿರಬೇಕು. ಒಬ್ಬನೇ ಕೂತು ಆಡಬಹುದಾದ ಲಾರಿ ಆಟಕ್ಕೆ ಈ ಭಯ ಕಡಿಮೆ.

ದೊಡ್ಡವನ ವಿಷಯದಲ್ಲಿ ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಸ್ಟೀಮ್‌ನಲ್ಲಿ ಎಷ್ಟು ಗಂಟೆ ಆಡಿದ್ದಾನೆ ಅಂತ ಆಟದ ಹೆಸರಿನ ಜೊತೆಗೇ ಬರೆದಿರುತ್ತದೆ, ತೋರಿಸು ಅನ್ನಿ. ಹತ್ತು ಗಂಟೆಯೂ ಆಗಿಲ್ಲದಿದ್ದರೆ ಇರುವ ರಸ್ತೆಯನ್ನೇ ಇನ್ನೂ ಓಡಿಸಲಿ. ನೂರು ದಾಟಿದ್ದರೆ ಒಂದು ಮ್ಯಾಪ್, ಒಂದೇ ಒಂದು, ಅವನೇ ಆರಿಸಲಿ. ಬಣ್ಣದ ಪ್ಯಾಕ್ ಬೇಡ. ಸ್ಟೀಮ್‌ನಲ್ಲಿ ವರ್ಷಕ್ಕೆ ನಾಲ್ಕು ದೊಡ್ಡ ಸೇಲ್ ಬರುತ್ತವೆ, ಜೂನ್ ಕೊನೆಗೊಂದು, ಡಿಸೆಂಬರ್‌ಗೊಂದು ಖಚಿತ. ವಿಶ್‌ಲಿಸ್ಟ್‌ಗೆ ಹಾಕಿಟ್ಟರೆ ಬೆಲೆ ಇಳಿದಾಗ ಅವರೇ ಮೇಲ್ ಕಳಿಸುತ್ತಾರೆ. ಕೊಂಡ ಮೇಲೆ ಸರಿಬರದಿದ್ದರೆ ಹದಿನಾಲ್ಕು ದಿನದೊಳಗೆ, ಡಿಎಲ್‌ಸಿ ಕೊಂಡ ನಂತರ ಆಟವನ್ನು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ರಿಫಂಡ್ ಕೇಳಬಹುದು. ‘ಪ್ರೊಮಾಡ್ಸ್’ ಅನ್ನೋ ದೊಡ್ಡ ಉಚಿತ ಮ್ಯಾಪ್ ಇದೆ ಅಂತ ಗೆಳೆಯರು ಹೇಳಿರುತ್ತಾರೆ. ಅದು ಉಚಿತವೇ, ಆದರೆ ಓಡಬೇಕಾದರೆ ಕಂಪನಿಯ ದುಡ್ಡಿನ ಮ್ಯಾಪ್‌ಗಳು ಸಾಲಾಗಿ ಬೇಕು. ಆ ಆಸೆಗೆ ಬಿದ್ದು ಐದಾರು ಮ್ಯಾಪ್ ಒಟ್ಟಿಗೆ ಕೊಂಡವರಿದ್ದಾರೆ. ಕೆಎಸ್‌ಆರ್‌ಟಿಸಿ ಬಸ್ಸಿನ ಬಣ್ಣದ ಮಾಡ್‌ಗಳನ್ನು (ಆಟಕ್ಕೆ ಹೊರಗಿನವರು ಮಾಡುವ ಸೇರ್ಪಡೆ) ನಮ್ಮ ಹುಡುಗರೇ ಮಾಡಿ ಪುಕ್ಕಟೆ ಹಂಚುತ್ತಾರೆ, ಅದನ್ನು ಹಾಕಿಕೊಳ್ಳಲಿ.

ಚಿಕ್ಕವನ ವಿಷಯಕ್ಕೆ ನನ್ನ ಧ್ವನಿ ಬದಲಾಗುತ್ತದೆ. ಅವನ ಆಟ ಪುಕ್ಕಟೆ ಸಿಗುತ್ತದೆ, ಗಳಿಕೆ ಎಲ್ಲ ಒಳಗಿನ ಅಂಗಡಿಯಿಂದ. ಅಲ್ಲಿ ರೂಪಾಯಿ ನೇರವಾಗಿ ನಡೆಯುವುದಿಲ್ಲ. ಮೊದಲು ರೂಪಾಯಿ ಕೊಟ್ಟು ಆಟದ ನಾಣ್ಯ ಕೊಳ್ಳಬೇಕು. ಬೇಕಾದ ಅಂಗಿಗೆ ನಾಣ್ಯ ಸ್ವಲ್ಪ ಸಾಲದೇ ಬರುವ ಹಾಗೆ ಪ್ಯಾಕ್‌ಗಳ ಅಳತೆ ಇರುತ್ತದೆ, ಇನ್ನೊಂದು ಪ್ಯಾಕ್ ಕೊಂಡರೆ ಸ್ವಲ್ಪ ಉಳಿಯುತ್ತದೆ. ಉಳಿದದ್ದನ್ನು ಏನು ಮಾಡುವುದು ಅಂತ ಮಗು ಮತ್ತೆ ಅಂಗಡಿಗೇ ಹೋಗುತ್ತದೆ. ಪೆಟ್ಟಿಗೆಯಂತೂ ತೆರೆಯುವವರೆಗೆ ಒಳಗೇನಿದೆ ಅಂತ ಗೊತ್ತಿಲ್ಲ. ಮೇಲೆ ‘ಇನ್ನು ಎರಡೇ ಗಂಟೆ’ ಅಂತ ಗಡಿಯಾರ ಓಡುತ್ತಿರುತ್ತದೆ. ಹದಿಮೂರು ವರ್ಷದ ಹುಡುಗ ಇದರೆದುರು ಗಟ್ಟಿಯಾಗಿ ನಿಲ್ಲಲಿಲ್ಲ ಅಂತ ಅವನನ್ನು ಕಳ್ಳ ಅನ್ನಬೇಡಿ ಅಕ್ಕ. ಇದನ್ನು ರೂಪಿಸುವವರು ದೊಡ್ಡ ಓದು ಓದಿದವರು, ಅವರ ಕೆಲಸವೇ ಇದು.

2017ರಲ್ಲಿ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಆಟದ ಪೆಟ್ಟಿಗೆಗಳ ಮೇಲೆ ಜಗತ್ತಿನಾದ್ಯಂತ ಗಲಾಟೆ ಆಯಿತು. 2018ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ ಕೆಲವು ಜನಪ್ರಿಯ ಆಟಗಳ ದುಡ್ಡಿನ ಪೆಟ್ಟಿಗೆಗಳು ತಮ್ಮ ದೇಶದ ಜೂಜು ಕಾನೂನಿಗೆ ವಿರುದ್ಧ ಅಂತ ಹೇಳಿತು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಆನ್‌ಲೈನ್ ವ್ಯಾಪಾರದ ಹದಿಮೂರು ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಅದರಲ್ಲಿ ಮೊದಲನೆಯದು ಸುಳ್ಳು ಆತುರ ಹುಟ್ಟಿಸುವುದು.

ಮೊದಲು ದುಡ್ಡು ಹೋಗುವ ದಾರಿ ಮುಚ್ಚಿ. ಗೂಗಲ್ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವ ಹಾಗೆ ಮಾಡಿ. ಬೆರಳಚ್ಚು ಅಪ್ಪನದು ಮಾತ್ರ ಇರಲಿ, ಎಷ್ಟೋ ಮನೆಗಳಲ್ಲಿ ಮಗನದೂ ಸೇರಿರುತ್ತದೆ. ಯುಪಿಐ ಪಿನ್ ಇವತ್ತೇ ಬದಲಿಸಿ, ತಾನಾಗಿಯೇ ದುಡ್ಡು ಕಡಿತವಾಗುವ ಆಟೋಪೇ ಪಟ್ಟಿಯಲ್ಲಿ ಯಾವುದಾದರೂ ಆಟದ ಹೆಸರಿದ್ದರೆ ರದ್ದು ಮಾಡಿ. ಗೂಗಲ್ ಪ್ಲೇನಲ್ಲಿ ನಲವತ್ತೆಂಟು ಗಂಟೆಯೊಳಗಿನ ಖರೀದಿಗೆ ಅಲ್ಲೇ ರಿಫಂಡ್ ಕೇಳಬಹುದು. ಹಳೆಯದಕ್ಕೆ ಆಟದ ಕಂಪನಿಗೆ ಬರೆಯಬೇಕು, ಬರೆಯುವಾಗ ಮಗನ ವಯಸ್ಸನ್ನು ಖಂಡಿತ ತಿಳಿಸಿ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರಿಗೆ ಒಪ್ಪಂದ ಮಾಡಿಕೊಳ್ಳುವ ಅರ್ಹತೆಯೇ ಇಲ್ಲ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ಮೂರು ತಿಂಗಳ ಹಿಂದಿನದೆಲ್ಲ ವಾಪಸ್ ಬರುತ್ತದೆ ಅಂತ ಆಸೆ ಹುಟ್ಟಿಸಲಾರೆ.

ಆಮೇಲೆ ಒಂದು ಸಂಜೆ ಅವನ ಜೊತೆ ಕೂತು ಪ್ಲೇ ಸ್ಟೋರ್‌ನ ಖರೀದಿ ಪಟ್ಟಿ ತೆಗೆಯಿರಿ. ಒಂದೊಂದು ಸಾಲಿಗೂ ‘ಇದಕ್ಕೆ ಏನು ಸಿಕ್ಕಿತು ಮಗ?’ ಅಂತ ಸಮಾಧಾನವಾಗಿ ಕೇಳಿ. ನನ್ನ ಅಂಗಡಿಯಲ್ಲಿ ಹೀಗೆ ಕೂತ ಒಬ್ಬ ಹುಡುಗ ಮೊದಲ ನಾಲ್ಕು ಸಾಲಿಗೆ ಅಂಗಿ, ಟೋಪಿ ಅಂತ ಉತ್ತರ ಕೊಟ್ಟ. ಐದನೆಯದಕ್ಕೆ ‘ನೆನಪಿಲ್ಲ’ ಅಂದ. ಆರನೆಯದಕ್ಕೂ ನೆನಪಿಲ್ಲ. ಏಳನೆಯದಕ್ಕೆ ಬರುವಷ್ಟರಲ್ಲಿ ಅವನೇ ಫೋನ್ ಕೆಳಗಿಟ್ಟ. ಅವರಮ್ಮ ಒಂದು ಮಾತೂ ಬೈಯಲಿಲ್ಲ, ಬೈಯುವ ಅಗತ್ಯವೇ ಬೀಳಲಿಲ್ಲ.

ಆಟವನ್ನೇ ಪೂರ್ತಿ ಬಂದ್ ಮಾಡಿಸುವ ಯೋಚನೆ ಸದ್ಯಕ್ಕೆ ಬಿಡಿ. ದುಡ್ಡು ಹಾಕದೆಯೂ ಅವನು ಗೆಳೆಯರ ಜೊತೆ ಆಡಬಹುದು. ಅಂಗಿ ಹಾಕಿದವನ ಗುಂಡು ಜೋರಾಗಿ ತಾಗುತ್ತದೆಯೇ ಅಂತ ಅವನನ್ನೇ ಕೇಳಿ. ಬರೀ ಅಂದಕ್ಕೆ ಮಾರುವ ಅಂಗಿಯಾದರೆ ತಾಗುವುದಿಲ್ಲ, ಅದು ಅವನಿಗೂ ಗೊತ್ತು.

ದೊಡ್ಡವನಿಗೆ ಮ್ಯಾಪ್ ಕೊಡಿಸುವುದಾದರೆ ಕೊನೆಯದಾಗಿ ಒಂದು ವಿಷಯ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಮ್ಯಾಪ್ ಜೊತೆಗೆ ಆಟದ ಅಪ್‌ಡೇಟ್ ಕೂಡ ಇಳಿಯಬೇಕಾಗುತ್ತದೆ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಹಾಕಿದರೆ ಆ ದಿನದ ಡೇಟಾ ಅಲ್ಲೇ ಮುಗಿಯುತ್ತದೆ. ಶನಿವಾರ ಹಾಸನದಿಂದ ಬಸ್ ಹತ್ತುವ ಮೊದಲೇ ಒಳ್ಳೆ ವೈಫೈನಲ್ಲಿ ಎಲ್ಲ ಇಳಿಸಿಕೊಳ್ಳಲಿ. ಅಲ್ಲೇ ಒಂದು ಸಲ ಆಟ ತೆರೆದು ನೋಡಿ, ಸ್ಟೀಮ್ ಅನ್ನು ಆಫ್‌ಲೈನ್ ಮೋಡ್‌ಗೆ ಹಾಕಿಕೊಂಡು ಹೊರಡಲಿ. ವೈಫೈ ಸಿಗದಿದ್ದರೆ ಸಾಲಗಾಮೆ ರಸ್ತೆಗೆ ಬರಲಿ, ನಮ್ಮ ಅಂಗಡಿಯಲ್ಲಿ ಇಳಿಸಿ ಕೊಡುತ್ತೇನೆ.